ಸಮಭಾಗವೂ ನ್ಯಾಯವೂ

ಭಾಗಾಕಾರವನ್ನು ಕಲಿಸುವಾಗ ನಾವು ಮಕ್ಕಳ ಮುಂದೆ ಹತ್ತು ಹುಣಿಸೆಬೀಜಗಳನ್ನಿಟ್ಟು ಇಬ್ಬರಿಗೆ ಹಂಚಹೇಳುತ್ತೇವೆ. ಐದೈದಾಗಿ ಹಂಚಿದೊಡನೆ ಲೆಕ್ಕ ಮುಗಿಯುತ್ತದೆ. ಲೆಕ್ಕ ಮುಗಿದ ಮಾತ್ರಕ್ಕೆ ನ್ಯಾಯವೂ ಸಂದಿತೆನ್ನಬಹುದೆ? ಒಂದು ಗಡಿಗೆ ಮಜ್ಜಿಗೆಯನ್ನು ಇಬ್ಬರಿಗೆ ಸಮನಾಗಿ ಹಂಚಿದೆವೆನ್ನೋಣ. ಒಬ್ಬನ ಕೈಯಲ್ಲಿ ದೊಡ್ಡ ಚೊಂಬು; ಇನ್ನೊಬ್ಬನಲ್ಲಿ ಪುಟ್ಟ ಲೋಟ. ಲೋಟದವನು ತನ್ನ ಪಾಲಿನಲ್ಲಿ ಮಿಕ್ಕುದನ್ನು ಚೊಂಬಿನವನಿಗೇ, ಮೊದಲೇ ಗೊತ್ತಾದ ಬೆಲೆಗೆ ಕೊಡತಕ್ಕದ್ದೆಂಬ ಕರಾರಿದ್ದರೆ ಆ ಸಮಭಾಗಕ್ಕೆ ಅರ್ಥವೇನು?

ತುಂಗಭದ್ರೆಯ ನೀರು ರಾಜ್ಯಗಳ ನಡುವೆ ಹಂಚಿಕೆಯಾಗುವುದನ್ನು ಕಾಣುತ್ತ ಬೆಳೆದ ಆದವಾನಿ ಸೀಮೆಯ ನಮಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಇದನ್ನು ಎರಡು ರಾಷ್ಟ್ರಗಳ ನಡುವೆ ಇಟ್ಟು ನೋಡಬೇಕೆಂದಿದ್ದರೆ ದಕ್ಷಿಣ ಅಮೆರಿಕದ ಪರಾನಾ ನದಿಯತ್ತ ತಿರುಗಬೇಕು. ಅಲ್ಲಿ ಬ್ರೆಜಿಲಿಗೂ ಪರಾಗ್ವೆಗೂ ಗ್ವಾಯಿರಾ ಜಲಪಾತದ ಬಳಿ ಸೀಮಾವಿವಾದವಿದ್ದಿತು. 1966ರಲ್ಲಿ ಇಬ್ಬರೂ ಕೂಡಿ ನದಿಯ ಶಕ್ತಿಯನ್ನು ಬಳಸಿಕೊಳ್ಳುವ ವಿಚಾರಕ್ಕೆ ಒಪ್ಪಿದರು; 1973ರ ಏಪ್ರಿಲ್ 26ರಂದು ಕೌಲಿಗೆ ಸಹಿ ಬಿದ್ದಿತು. ಹೀಗೆ ಎದ್ದುದು ಇತಾಯ್ಪು ಅಣೆಕಟ್ಟು. ಅಲ್ಲಿ 1984ರಲ್ಲಿ ವಿದ್ಯುದುತ್ಪಾದನೆ ಮೊದಲಾಯಿತು. ಈಗ ತಲಾ 700 ಮೆಗಾವಾಟಿನ 20 ಯಂತ್ರಗಳಿವೆ. ಹತ್ತು ಯಂತ್ರಗಳು ಪರಾಗ್ವೆಯ ಪದ್ಧತಿಯಂತೆ ಸೆಕೆಂಡಿಗೆ 50 ಆವರ್ತನೆಯ, ಹತ್ತು ಯಂತ್ರಗಳು ಬ್ರೆಜಿಲಿನ ಪದ್ಧತಿಯಂತೆ 60 ಆವರ್ತನೆಯ ವಿದ್ಯುತ್ತನ್ನು ಕೊಡುತ್ತವೆ. ಕದನಕ್ಕೆ ಕಾರಣವಾಗಬಹುದಾಗಿದ್ದ ಗಡಿಯೇ ಎರಡೂ ದೇಶಗಳ ದೀಪವಾಯಿತು. ಇದು ಸಾಮಾನ್ಯ ಸಾಧನೆಯಲ್ಲ.

ಆದರೆ ಕೌಲಿನಲ್ಲಿ ಇನ್ನೊಂದು ಮಾತಿದ್ದಿತು. ತನಗೆ ಬೇಡವಾದುದನ್ನು ಒಂದು ದೇಶ ಇನ್ನೊಂದಕ್ಕೆ ಬಿಟ್ಟುಕೊಡಬೇಕು, ಮೂರನೆಯವರಿಗೆ ಮಾರುವಂತಿಲ್ಲ. ಪರಾಗ್ವೆ ಚಿಕ್ಕ ನಾಡು. ಅದರ ಪಾಲಿನ ಬಹುಭಾಗ ದಶಕಗಳ ಕಾಲ ಬ್ರೆಜಿಲಿಗೇ ಹೋಯಿತು. 50 ಆವರ್ತನೆಯ ಆ ವಿದ್ಯುತ್ತನ್ನು ಏಕಮುಖ ಪ್ರವಾಹವಾಗಿ ಮಾರ್ಪಡಿಸಿ ಸುಮಾರು 800 ಕಿಲೋಮೀಟರು ದೂರದ ಸಾವೊ ಪಾವ್ಲೊ ಸೀಮೆಗೆ ಒಯ್ಯಲಾಯಿತು. ಬರುವ ಪರಿಹಾರ ತೀರ ಕಡಮೆಯೆಂದು ಪರಾಗ್ವೆಯ ಜನ ಕೊರಗಿದರು. 2009ರಲ್ಲಿ ಅಧ್ಯಕ್ಷರಾದ ಲುಗೊ ಮತ್ತು ಲುಲಾ ಮಾಡಿಕೊಂಡ ಒಪ್ಪಂದ ಅದನ್ನು ಮೂರು ಪಟ್ಟು ಹೆಚ್ಚಿಸಿತು. ಮೂರು ಪಟ್ಟು ಹೆಚ್ಚಿಸಲು ಎಡೆಯಿದ್ದಿತೆಂದ ಮೇಲೆ ಮೊದಲಿನ ಬೆಲೆಯನ್ನು ನ್ಯಾಯವಾದುದೆನ್ನುವುದು ಕಷ್ಟ.

ಇದಕ್ಕೆ ಎದುರು ವಾದವೂ ಉಂಟು. ಪರಾಗ್ವೆಯ ಬಳಿ ಬಂಡವಾಳವಿರಲಿಲ್ಲ. ಅದರ ಪಾಲಿನ ಮೂಲಧನವನ್ನೂ ಬ್ರೆಜಿಲೇ ಸಾಲವಾಗಿ ಕೊಟ್ಟಿತು. ಬ್ರೆಜಿಲಿನ ಬೆಂಬಲವಿಲ್ಲದಿದ್ದರೆ ಅಣೆಕಟ್ಟೇ ಏಳುತ್ತಿರಲಿಲ್ಲ. ಇದನ್ನು ನಾವು ಒಪ್ಪುತ್ತೇವೆ. ಆದರೆ ಉಪಕಾರ ಬೇರೆ, ಸಹಕಾರ ಬೇರೆ. ಉಪಕಾರ ಪಡೆದವನು ಕೃತಜ್ಞನಾಗಿರಬೇಕು, ನಿಜ. ಬೆಲೆಯನ್ನು ಕೇಳುವ ಬಾಯನ್ನೇ ಅವನು ಕಳೆದುಕೊಳ್ಳಬೇಕೆ? ದುರ್ಬಲನು ‘ಇದು ಸಾಲದು’ ಎಂದಾಗ ಬಲಶಾಲಿ ಕಿವಿಗೊಡುವ ವ್ಯವಸ್ಥೆ ಇದ್ದಲ್ಲಿ ಮಾತ್ರ ಅದಕ್ಕೆ ಸಹಕಾರವೆಂಬ ಹೆಸರು ಸಲ್ಲುತ್ತದೆ. ಅಣೆಕಟ್ಟಿನ ಸಾಲ 2023ರಲ್ಲಿ ತೀರಿತು. ಆದುದರಿಂದ ಈ ಕೇಳ್ವಿಕೆಗೆ ಈಗ ಮತ್ತಷ್ಟು ಬಲ ಬಂದಿದೆ.

ಲೋಟವೂ ಇಲ್ಲದೆ ಹೊರಗೆ ನಿಂತವರ ಗತಿಯೇನು? 1973ರಲ್ಲಿ ಎರಡೂ ದೇಶಗಳನ್ನು ಸೈನಿಕ ಪ್ರಭುತ್ವ ಆಳುತ್ತಿದ್ದಿತು. ನದೀತೀರದ ಜನರನ್ನು ಕೇಳಿದವರಿಲ್ಲ. 1982ರಲ್ಲಿ ಎರಡೇ ವಾರಗಳಲ್ಲಿ ಜಲಾಶಯ ತುಂಬಿ ಗ್ವಾಯಿರಾ ಜಲಪಾತ ಮುಳುಗಿತು. ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. ಆ ನೆಲದ ಮೂಲನಿವಾಸಿಗಳಾದ ಆವಾ-ಗ್ವಾರಾನಿ ಜನರಿಗೆ ಭೂಮಿ ಕೊಂಡುಕೊಡುವ ಒಪ್ಪಂದಕ್ಕೆ ಬ್ರೆಜಿಲಿನ ಸರ್ವೋಚ್ಚ ನ್ಯಾಯಾಲಯದ ಅನುಮತಿ ದೊರೆತುದು 2025ರಲ್ಲಿ. ಮುಳುಗಿದಂದಿನ ಮಗು ಅಷ್ಟರಲ್ಲಿ ನಡುವಯಸ್ಸನ್ನು ದಾಟಿರಬೇಕು.

ಸುಸ್ಥಿರ ಅಭಿವೃದ್ಧಿಯೆಂದರೆ ಹೊಗೆಯಿಲ್ಲದ ವಿದ್ಯುತ್ತು ಮಾತ್ರವೆಂದು ನಾವು ತಿಳಿಯಲಾರೆವು. ಇಂದು ಸೂರ್ಯನ ಬಿಸಿಲನ್ನೂ ಗಾಳಿಯನ್ನೂ ಹಂಚಿಕೊಳ್ಳಲು ರಾಷ್ಟ್ರಗಳು ಮತ್ತೆ ಕೂಡುತ್ತಿವೆ. ಸಹಿ ಹಾಕುವ ಮುನ್ನ ಅವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಚಿಕ್ಕವನಿಗೆ ತನ್ನ ಪಾಲನ್ನು ತನ್ನಿಚ್ಛೆಯಂತೆ ಬಳಸುವ ಸ್ವಾತಂತ್ರ್ಯವುಂಟೆ? ಇದಕ್ಕಾಗಿ ಮನೆ ಬಿಡುವವರನ್ನು ಮೊದಲೇ ಕೇಳಲಾಯಿತೆ? ನಾವಾದರೂ ನಾಳೆ ತರಗತಿಯಲ್ಲಿ ಐದೈದು ಬೀಜಗಳನ್ನು ಹಂಚಿಸಿದ ಮೇಲೆ, ಸ್ಲೇಟನ್ನು ಒರೆಸುವ ಮುನ್ನ, ‘ಇಲ್ಲಿ ಬೀಜ ಸಿಗದವರು ಯಾರಾದರೂ ಇದ್ದಾರೆಯೆ?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸೋಣ.