ಕಲ್ಲು ಹೇಳದ ಮಾತು

ನಾಯಿಗೆ ಹೆಸರಿದೆ. ಕಾಳಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 949-50ರ ಶಾಸನದಲ್ಲಿ ಆ ಹೆಸರಿದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರ ಎಂಬ ವೀರ, ಮೆಚ್ಚಿದ ಒಡೆಯನ ಹತ್ತಿರ ಈ ನಾಯಿಯನ್ನೇ ಬೇಡಿ ಪಡೆದ. ಅದು ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು. ಕೆರೆಯ ಕೆಳಗೆ ಎರಡು ಖಂಡುಗದ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ಎಂದೂ ಕೆತ್ತಿಸಿದರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ.

ಹೈಸ್ಕೂಲಿನ ಮೇಷ್ಟ್ರುಗಳೇ, ಪಠ್ಯಪುಸ್ತಕದ ಸಾರಾಂಶ ಬದಿಗಿಟ್ಟು ಈ ಶಾಸನವನ್ನೇ ಮಕ್ಕಳ ಮುಂದಿಡಿ. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಇಂಥವು ಸಾವಿರಾರಿವೆ. ಬರೆಸಿದವರು ಯಾರು? ಯಾತಕ್ಕೆ? ಬಿಟ್ಟದ್ದೇನು? ಇಷ್ಟು ಕೇಳಿಸಿ ಸಾಕು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿಯಾಳು: "ಸಾ, ಆ ಮಣ್ಣು ಉತ್ತೋರ ಹೆಸ್ರು ಎಲ್ಲೈತೆ?"

ಇಲ್ಲ ಮಗಳೇ.

ಮೇಷ್ಟ್ರ ಸತ್ವಪರೀಕ್ಷೆ ಇಲ್ಲೇ. ಸಿಟ್ಟು ಬರುತ್ತದೆ, ಬರಬೇಕು. ಆ ಸಿಟ್ಟಿನಲ್ಲಿ "ಉತ್ತವರು ನಮ್ಮ ಕೇರಿಯವರೇ, ಹೊಡೆದು ದುಡಿಸಿದರು" ಎಂದು ಕರಿಹಲಗೆಯ ಮೇಲೆ ಬರೆದುಬಿಟ್ಟರೆ ತಪ್ಪೇನು? ಅವರು ಪುರಾಣ ಕಟ್ಟಲಿಲ್ಲವೆ? ಕಟ್ಟಿದರು. ಆ ಸುಳ್ಳಿನ ಭಾರ ಹೊತ್ತವರು ನಾವು. ನಮಗೆ ಆ ಕಸುಬು ಬೇಡ. ನಮ್ಮ ಮಾತನ್ನು ಕೇಳದೆ ನಂಬುವ ಹುಡುಗಿ ನಾಳೆ ಅವರ ಮಾತನ್ನೂ ಹಾಗೇ ನಂಬುತ್ತಾಳೆ.

ಹಾಗಂತ, ಶಾಸನದಲ್ಲಿ ಇಲ್ಲದವರು ಲೋಕದಲ್ಲೂ ಇರಲಿಲ್ಲ ಅಂತ ಒಪ್ಪಿಕೊಳ್ಳಬೇಕೆ? ಅದು ಇನ್ನೂ ದೊಡ್ಡ ಸುಳ್ಳು. ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಮುನ್ನುಡಿಯಲ್ಲಿ, ಸಾಕ್ಷ್ಯದ ಕೊಂಡಿ ಕಳಚಿದ ಕಡೆ ಊಹೆಯನ್ನು ಬಳಸುವುದು ನ್ಯಾಯವೆಂದು ವಾದಿಸಿದರು. ಊಹೆ ಬಳಸಿದ್ದನ್ನು ಮುಚ್ಚಿಡಲಿಲ್ಲ.

ನಾವೂ ಹಲಗೆಯ ನಡುವೆ ಗೆರೆ ಎಳೆಯೋಣ. ಒಂದು ಕಡೆ ಕಲ್ಲು ಹೇಳುವುದು: ನಾಯಿ, ಹಂದಿ, ಭೂಮಿ. ಇನ್ನೊಂದು ಕಡೆ ನಾವು ತರ್ಕಿಸುವುದು: ಬೆಳೆ ಬಂತೆಂದರೆ ಉತ್ತ ಕೈಗಳು ಇದ್ದವು. ಯಾರ ಕೈ? ಅಲ್ಲೊಂದು ಪ್ರಶ್ನೆಚಿಹ್ನೆ. ಗಂಟೆ ಹೊಡೆದ ಮೇಲೂ ಅದನ್ನು ಅಳಿಸಬೇಡಿ.

ಆ ಪ್ರಶ್ನೆ ಕಲಿತ ಹುಡುಗಿ ಮುಂದೊಂದು ದಿನ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೈಗೆತ್ತಿಕೊಂಡು ಕೇಳುತ್ತಾಳೆ: "ಇದನ್ನ ಬರೆಸಿದೋರು ಯಾರು? ಉತ್ತೋರ ಹೆಸ್ರು ಎಲ್ಲಿ?"