ಬಲ್ಲವರ ಮೌನ

ಇಂಗ್ಲಿಷರ ಪತ್ತೇದಾರಿ ಧಾರಾವಾಹಿಗಳಲ್ಲಿ ನನಗೆ ಮೆಚ್ಚುಗೆಯಾದವಳು ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್. 1984ರಿಂದ 1992ರವರೆಗೆ ಬಿಬಿಸಿಯ ಸರಣಿಯಲ್ಲಿ ಜೋನ್ ಹಿಕ್ಸನ್ ಆ ಪಾತ್ರ ಮಾಡಿದರು. ಈ ಮುದುಕಿಯ ಬಳಿ ಪಿಸ್ತೂಲಿಲ್ಲ, ಓಡಾಟವೂ ಕಡಿಮೆ. ಕೈಯಲ್ಲಿ ಉಣ್ಣೆಯ ಹೆಣಿಗೆ, ಕಿವಿ ಮಾತ್ರ ಚುರುಕು. ತನ್ನ ಹಳ್ಳಿಯವರ ಗುಣಾವಗುಣ ಬಲ್ಲವಳಿಗೆ ಯಾವ ಊರಿನ ಕೊಲೆಗಾರನೂ ಹೊಸಬನಲ್ಲ.

ಇಂಥ ಅಜ್ಜಿಯರು ನಮ್ಮ ಕುದೇರಿನ ಜಗಲಿಗಳಲ್ಲೂ ಇದ್ದಾರೆ. ಯಾರ ಮನೆಯ ಒಲೆ ಹತ್ತಲಿಲ್ಲ, ಯಾರ ಸೊಸೆಯ ಕಣ್ಣು ಊದಿದೆ, ಎಲ್ಲ ಬಲ್ಲರು. ಹಾಗಾದರೆ, ಸೊಸೆಯೊಬ್ಬಳು ಬಾವಿಗೆ ಬಿದ್ದಳೆಂಬ ಸುದ್ದಿ ಬಂದಾಗ, ಯಾವ ಊರಾದರೂ ಸರಿ, ಪೊಲೀಸರ ಮುಂದೆ ಎಲ್ಲರೂ "ನಮಗೇನು ಗೊತ್ತು?" ಎನ್ನುವುದೇಕೆ?

ಮನೆಯೊಳಗಿನ ಸಾವಿಗೆ ಸಾಕ್ಷಿ ಸಿಗುವುದು ಕಷ್ಟ. ಅದಕ್ಕೇ 1986ರಲ್ಲಿ ವರದಕ್ಷಿಣೆ ಸಾವಿನ ಕಾನೂನು ಬಂತು. ಮದುವೆಯಾದ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದದ್ದು ರುಜುವಾತಾದರೆ, ಹಿಂಸಿಸಿದವರೇ ಹೊಣೆ. ಆದರೆ ಆ ಹಿಂಸೆಯನ್ನು ಹೇಳಬೇಕಾದವರು ಯಾರು? ಗೋಡೆಗೆ ಗೋಡೆ ತಾಗಿದ ಮನೆಯವರೇ ಅಲ್ಲವೆ?

ತಿಳಿದದ್ದನ್ನು ಜಗಲಿಯಲ್ಲಷ್ಟೇ ಆಡಿದರೆ ಅದು ಹರಟೆ. ಕೇಳಬೇಕಾದವರ ಮುಂದೆ ಹೇಳಿದರೆ ಧರ್ಮ. ಮಾರ್ಪಲ್ ಮಾಡುವುದು ಈ ಎರಡನೆಯದನ್ನು.

"ಅವಳು ಕಥೆ ಮುಗಿಸಿ ಹೋಗಿಬಿಡುತ್ತಾಳೆ, ನಾವು ಇದೇ ಕೇರಿಯಲ್ಲಿ ಬಾಳಬೇಕಲ್ಲ" ಎನ್ನುವವರುಂಟು. ನಿಜವೇ. ಆದರೆ ಸತ್ತವಳೂ ಇದೇ ಕೇರಿಯಲ್ಲಿ ಬಾಳಬೇಕಾಗಿದ್ದವಳಲ್ಲವೆ?