ದಿನದ ಚಿಂತನೆ: ಎದೆಬಡಿತ ಕೇಳಿಸಿದರೆ ಸಾಕೇ?



ತರಗತಿಯಲ್ಲಿ ಲೈಕಾ ನಾಯಿಯ ಕಥೆ ಹೇಳಿದೆ. "ಅದು ವಾಪಸ್ ಹೇಗೆ ಬಂತು ಸರ್?" ಎಂದು ಒಬ್ಬ ಹುಡುಗಿ ಕೇಳಿದಳು. "ಬರಲಿಲ್ಲ ಕಣಮ್ಮ" ಎಂದೆ.

1957ರ ನವೆಂಬರ್ 3ರಂದು ಸೋವಿಯತ್ ವಿಜ್ಞಾನಿಗಳು ಮಾಸ್ಕೋದ ಆ ಬೀದಿನಾಯಿಯನ್ನು ಸ್ಪುಟ್ನಿಕ್-2ರಲ್ಲಿ ಕಳಿಸಿದರು. ಮೈಗೆ ಜೋಡಿಸಿದ್ದ ಉಪಕರಣಗಳು ಎದೆಬಡಿತ, ಉಸಿರಾಟವನ್ನು ರೇಡಿಯೋ ಮೂಲಕ ಭೂಮಿಗೆ ತಿಳಿಸಿದವು. ಕೆಲವೇ ಗಂಟೆಗಳಲ್ಲಿ ನೌಕೆಯೊಳಗಿನ ಬಿಸಿಗೆ ಲೈಕಾ ಸತ್ತಿತು. ಮರಳಿ ತರುವ ಏರ್ಪಾಡೇ ಇರಲಿಲ್ಲ.

ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಾಬಾಸಾಹೇಬರು ಬುದ್ಧನ ಅಹಿಂಸೆಯನ್ನು ಬಿಡಿಸಿ ಹೇಳಿದ್ದಾರೆ. ಲೈಕಾಳ ಸಾವು ಯಾವುದರ ಲೆಕ್ಕಕ್ಕೆ? ಕ್ರಾಂತಿಯ 40ನೇ ವರ್ಷಾಚರಣೆಯೊಳಗೆ ಹಾರಿಸಬೇಕೆಂಬ ಅವಸರ ಅದರ ಹಿಂದಿತ್ತು. ಆ ಸಾವಿಗೆ ತಕ್ಕಷ್ಟು ನಾವೇನೂ ಕಲಿಯಲಿಲ್ಲವೆಂದು ಆ ತಂಡದ ಓಲೆಗ್ ಗಾಜೆಂಕೊ 1998ರಲ್ಲಿ ಒಪ್ಪಿಕೊಂಡರು.

ನಾನು ವಿಜ್ಞಾನದ ವಿರೋಧಿಯಲ್ಲ. ನಾವು ನುಂಗುವ ಮಾತ್ರೆಯ ಹಿಂದೆಯೂ ಪ್ರಾಣಿಗಳ ಮೇಲಿನ ಪ್ರಯೋಗವಿದೆ. ಇಂದಿಗೂ ಇಲಿಯ ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಎದೆಬಡಿತ ಅಳೆಯುತ್ತಾರೆ. ಜೀವ ತಳಮಳಿಸುತ್ತಿದೆ ಎಂದು ಯಂತ್ರ ತಿಳಿಸೀತು. ಇದು ನಿಜಕ್ಕೂ ಬೇಕೇ ಎಂದು ಕೇಳಬೇಕಾದವರು ನಾವು. ಕರುಣೆ ಮನುಷ್ಯರಿಗೆ, ಮೈತ್ರಿ ಸಕಲ ಜೀವಿಗಳಿಗೆ ಎಂದು ಬಾಬಾಸಾಹೇಬರು ಬರೆದದ್ದು ಆ ಪ್ರಶ್ನೆ ನಮ್ಮಲ್ಲಿ ಹುಟ್ಟಲೆಂದೇ ಅಲ್ಲವೇ?

ಜೈ ಭೀಮ್.